ಕೈಯಲ್ಲಿ ಅಳೆದ ದಾರಿಯನ್ನು ಕಾಲಲ್ಲಿ ಅಳೆದೆವು!

ನಮ್ಮ ನೆಲದ ಲೆಕ್ಕ ನಮ್ಮ ಮೊಳಕ್ಕೆ ಯಾಕೆ ಬರಬಾರದು?

ಕನ್ನಡ ಬಂಧುಗಳೇ,

ಈ ಪತ್ರಿಕೆ ಕೈಗೆತ್ತಿಕೊಂಡ ಕೂಡಲೇ ಒಂದು ಕೆಲಸ ಮಾಡಿ. ನಿಮ್ಮ ಬಲಗೈಯನ್ನು ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಒಮ್ಮೆ ನೋಡಿಕೊಳ್ಳಿ. ಅದು ಒಂದು ಮೊಳ. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಅಗಲಿಸಿದರೆ ಒಂದು ಗೇಣು. ಎರಡೂ ತೋಳು ಚಾಚಿ ನಿಂತರೆ ಒಂದು ಮಾರು. ಇದನ್ನು ಕಲಿಸಲು ಯಾವ ಸ್ಕೂಲೂ ಬೇಕಾಗಿರಲಿಲ್ಲ. ಹೂವಿನವಳು ಮೊಳ ಹಾಕುವುದನ್ನು ನೋಡಿ ಕಲಿತೆವು, ಬಾವಿ ಹಗ್ಗವನ್ನು ಅಪ್ಪ ಮಾರು ಹಾಕುವುದನ್ನು ನೋಡಿ ಕಲಿತೆವು.

ಈಗ ಬೀರುವಿನಲ್ಲಿರುವ ನಿಮ್ಮ ಪಹಣಿ ತೆಗೆದು ನೋಡಿ. ಅದರಲ್ಲಿ 2 ಎಕರೆ 20 ಗುಂಟೆ ಎಂದಿದೆ ಎಂದುಕೊಳ್ಳೋಣ. ಹೇಳಿ ನೋಡೋಣ, ಅದು ಎಷ್ಟು ಮೊಳ? ಬದುವಿನ ಮೇಲೆ ನಿಂತು ತೋಳು ಚಾಚಿ ನಡೆದರೆ ಎಷ್ಟು ಮಾರು? ನೂರಕ್ಕೆ ತೊಂಬತ್ತು ಜನಕ್ಕೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಒಂದು ಮನೆ ಮುರಿದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ. ಬೇರೆಯವರ ಮೇಲೆ ಬೆರಳು ತೋರಿಸುವ ಮುಂಚೆ ನನ್ನ ಕೈ ತೊಳೆದುಕೊಳ್ಳಬೇಕಲ್ಲ?

ಆರು ಮೊಳ, ಆರು ಅಡಿ

ನಾನು ಅಚ್ಚುಕೂಟ ನಡೆಸುವವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರದ ಜೊತೆಗೆ ಕಂಪ್ಯೂಟರಿನಲ್ಲಿ ಕಾಗದಪತ್ರ ಟೈಪು ಮಾಡಿಕೊಡುವುದೂ ನಮ್ಮ ಕಸುಬು. ಕೆಲವು ವರ್ಷದ ಹಿಂದೆ ಹಳೇಬೀಡು ಹೋಬಳಿಯ ಒಂದು ಊರಿನಿಂದ ದಾಯಾದಿಗಳು ವಿಭಾಗಪತ್ರದ ಕರಡು ಟೈಪು ಮಾಡಿಸಲು ಬಂದರು. ಕೈಯಲ್ಲಿ ಅವರ ತಾತನ ಕಾಲದ ಪಾಲುಪಟ್ಟಿ. ಅದರಲ್ಲಿ ಒಂದು ಸಾಲು: ಹಿಂದಿನ ಹೊಲಕ್ಕೆ ಹೋಗಲು ಪೂರ್ವದ ಬದುವಿನ ಗುಂಟ ಆರು ಮೊಳ ಅಗಲದ ಬಂಡಿದಾರಿ ಬಿಟ್ಟಿದೆ.

ನಮ್ಮ ಹುಡುಗ ಟೈಪು ಮಾಡುತ್ತಾ ಕೂಗಿ ಕೇಳಿದ, "ಅಣ್ಣಾ, ಮೊಳ ಅಂದ್ರೆ ಅಡಿ ತಾನೇ?" ಮೆಷಿನ್ನಿನ ಸದ್ದಿನಲ್ಲಿ ನಾನು "ಹೂಂ" ಅಂದೆ. ಅವನು "6 ಅಡಿ" ಎಂದು ಹೊಡೆದ. ಕರಡು ನೋಡಿದವನು ನಾನೇ. ಒತ್ತು, ದೀರ್ಘ, ಕೊಂಬು ಎಲ್ಲಾ ತಿದ್ದಿದೆ. ಅಳತೆಯನ್ನು ತಿದ್ದಲಿಲ್ಲ. ಎಲ್ಲರೂ ಸಹಿ ಹಾಕಿದರು, ರಿಜಿಸ್ಟರ್ ಆಯಿತು.

ಎರಡು ವರ್ಷ ಏನೂ ಆಗಲಿಲ್ಲ. ಆಮೇಲೆ ಮುಂದಿನ ಹೊಲದವರು ಕಲ್ಲುಕಂಬ ನೆಟ್ಟು ತಂತಿ ಎಳೆದರು. ಕಾಗದದಲ್ಲಿ ಇದ್ದಂತೆ ಸರಿಯಾಗಿ 6 ಅಡಿ ಬಿಟ್ಟರು. ಆರು ಮೊಳ ಎಂದರೆ 9 ಅಡಿ ಸ್ವಾಮಿ! ಒಂಬತ್ತಡಿಯಲ್ಲಿ ಬಂಡಿ ಹೋಗುತ್ತಿತ್ತು, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹೋಗುತ್ತಿತ್ತು. ಆರಡಿಯಲ್ಲಿ ಟ್ರ್ಯಾಕ್ಟರಿನ ಚಕ್ರ ತಂತಿಗೆ ತಗುಲುತ್ತದೆ. ಹಿಂದಿನ ಹೊಲದ ಹಿರಿಯರು ಆ ವರ್ಷ ಆಲೂಗಡ್ಡೆ ಮೂಟೆಗಳನ್ನು ಆಳುಗಳ ತಲೆಯ ಮೇಲೆ ರಸ್ತೆಗೆ ಹೊರಿಸಿದರು. ಬಂದ ದುಡ್ಡಿನಲ್ಲಿ ಕೂಲಿಗೇ ಒಂದು ಪಾಲು ಹೋಯಿತು.

ಅವರು ನನ್ನ ಅಂಗಡಿಗೆ ಬಂದು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಾತನ ಪಾಲುಪಟ್ಟಿಯನ್ನು ಮೇಜಿನ ಮೇಲೆ ಹರಡಿ, ತೋಳು ಚಾಚಿ ತೋರಿಸಿ ಒಂದೇ ಮಾತು ಹೇಳಿದರು: "ನಮ್ಮ ತಾತ ಕೈಯಲ್ಲಿ ಅಳೆದು ಕೊಟ್ಟ ದಾರೀನ ನೀನು ಕಾಲಲ್ಲಿ ಅಳೆದುಬಿಟ್ಯಲ್ಲಪ್ಪಾ."

ತಿದ್ದುಪಡಿ ಪತ್ರ ಮಾಡಿಸಬೇಕಾದರೆ ಎಲ್ಲರ ಸಹಿ ಬೇಕು. ಲಾಭವಾದವರು ಯಾಕೆ ಸಹಿ ಹಾಕುತ್ತಾರೆ? "ನೀವೇ ಓದಿ ರುಜು ಮಾಡಿದ್ದೀರಲ್ಲ" ಎಂದರು. ಒಂದೇ ಬಾವಿಯ ನೀರು ಕುಡಿದ ಅಣ್ಣತಮ್ಮಂದಿರ ಮಕ್ಕಳು ಈಗ ಕೋರ್ಟಿನ ಕಟ್ಟೆಯಲ್ಲಿ ಬೇರೆ ಬೇರೆ ಮೂಲೆಯಲ್ಲಿ ಕೂರುತ್ತಾರೆ. ಆ ದಾರಿಯ ಉದ್ದ 300 ಮೊಳ, ಎಂದರೆ 450 ಅಡಿ. ಅಗಲದಲ್ಲಿ ಕಳೆದದ್ದು 3 ಅಡಿ. ಒಟ್ಟು 1,350 ಚದರಡಿ, ಹತ್ತಿರ ಹತ್ತಿರ 1 ಗುಂಟೆ 4 ಆಣೆ. ಒಂದು ಮಾತು ತಿಳಿಯದೆ ಹೋದದ್ದಕ್ಕೆ ಇಷ್ಟು ದಂಡ! ಆ ಮೂರಡಿ ಇವತ್ತಿಗೂ ನನ್ನ ಎದೆಯ ಮೇಲಿದೆ.

ಬೋರ್ಡಿನ ಕನ್ನಡ ಸಾಕೇ?

ನೀವು ಕೇಳಬಹುದು: ಇದು ಟೈಪು ಮಾಡುವವನ ತಪ್ಪು, ಇದಕ್ಕೂ ಕನ್ನಡದ ಹೋರಾಟಕ್ಕೂ ಏನು ಸಂಬಂಧ?

ಸಂಬಂಧ ಇದೆ. ಅಂಗಡಿಯ ನಾಮಫಲಕದಲ್ಲಿ ಶೇಕಡ 60 ಭಾಗ ಕನ್ನಡ ಇರಬೇಕೆಂದು ಬೀದಿಗಿಳಿದೆವು. 2024ರಲ್ಲಿ ಅದಕ್ಕೆ ಕಾನೂನಿನ ತಿದ್ದುಪಡಿಯೂ ಆಯಿತು. ಸಂತೋಷ. ಆದರೆ ನಾಮಫಲಕ ಓದಲು ಬಾರದಿದ್ದರೆ ಒಂದು ಅಂಗಡಿ ತಪ್ಪುತ್ತದೆ. ಜಮೀನಿನ ಕಾಗದ ಓದಲು ಬಾರದಿದ್ದರೆ ಜಮೀನೇ ತಪ್ಪುತ್ತದೆ! ಯಾವುದು ದೊಡ್ಡದು, ನೀವೇ ತೂಕ ಮಾಡಿ.

"ಪಹಣಿ ಕನ್ನಡದಲ್ಲೇ ಇದೆಯಲ್ಲ" ಎನ್ನುತ್ತಾರೆ ದೊರೆಗಳು. ಇದೆ, ಒಪ್ಪಿದೆ. 2000ದ ಹೊತ್ತಿಗೆ ಭೂಮಿ ಯೋಜನೆ ಬಂದು ಕಂಪ್ಯೂಟರಿನಿಂದ ಕನ್ನಡದ ಅಚ್ಚಿನಲ್ಲಿ ಪಹಣಿ ಬರತೊಡಗಿದ್ದು ಒಳ್ಳೆಯ ಕೆಲಸ. ಅಲ್ಲಗಳೆಯುವುದಿಲ್ಲ. ಆದರೆ ಅಕ್ಷರ ಕನ್ನಡವಾದರೆ ಅರ್ಥ ಕನ್ನಡವಾಯಿತೇ? ಆಕಾರಬಂದ್, ಹಿಸ್ಸಾ, ಪೋಡಿ, ಖರಾಬು, ಖುಷ್ಕಿ, ಬಾಗಾಯ್ತು, ಚಕ್ಕುಬಂದಿ. ಪಾರಸಿ, ಅರಬ್ಬಿ, ಮರಾಠಿ ಎಲ್ಲಾ ಬೆರೆತ ಮಾತುಗಳು ಇವು. ಬೆರೆತದ್ದಕ್ಕೆ ನನಗೆ ಸಿಟ್ಟಿಲ್ಲ. ಖಾತೆ ಎಂಬ ಮಾತು ಎಲ್ಲಿಂದ ಬಂದರೂ ಇವತ್ತು ಅದು ನಮ್ಮದೇ. ಕೂಲಿ ಮಾಡುವ ಅಜ್ಜಿಗೂ ಖಾತೆ ಎಂದರೆ ಗೊತ್ತು. ಆದರೆ ಗೊತ್ತಿರುವ ಮಾತು ಬೇರೆ, ಹೆದರಿಸುವ ಮಾತು ಬೇರೆ. ನಕ್ಷೆ ಮುಂದಿಟ್ಟು "ಇಷ್ಟು ಮೀಟರ್, ಇಷ್ಟು ಪಾಯಿಂಟು" ಎಂದು ಗಡಗಡ ಓದಿದರೆ ನಮ್ಮ ರೈತ ತಲೆ ಅಲ್ಲಾಡಿಸುತ್ತಾನೆ. ತಿಳಿದು ಅಲ್ಲಾಡಿಸುವುದಲ್ಲ, ತಿಳಿಯಲಿಲ್ಲ ಎಂದು ಹೇಳಲು ನಾಚಿಕೆಯಾಗಿ ಅಲ್ಲಾಡಿಸುತ್ತಾನೆ. ಆ ತಲೆ ಅಲ್ಲಾಡಿಸುವಿಕೆಯ ಮೇಲೆಯೇ ದಲ್ಲಾಳಿಗಳ ಮನೆ ನಿಂತಿರುವುದು.

ಒಂದೇ ರೈತನ ಮೂರು ಕಾಗದ ತೆಗೆದು ನೋಡಿ. ಪಹಣಿಯಲ್ಲಿ ಎಕರೆ, ಗುಂಟೆ, ಆಣೆ. ಹಳೆಯ ಟಿಪ್ಪಣಿಯಲ್ಲಿ ಸರಪಳಿ ಮತ್ತು ಆಣೆ. ಹೊಸ ಯಂತ್ರ ಅಳೆದು ಕೊಡುವುದು ಮೀಟರು. ಆಣೆ ಎಂಬುದು ರೂಪಾಯಿಯನ್ನು ಬಿಟ್ಟು 1957ರಲ್ಲೇ ಹೋಯಿತು. ಗುಂಟೆಯೊಳಗೆ ಮಾತ್ರ 16 ಆಣೆ ಇನ್ನೂ ಕಾಲು ಚಾಚಿ ಮಲಗಿದೆ. ಗಡಿಯಾಚೆಗೆ ಹೋದರೆ ಇನ್ನೊಂದು ಕಥೆ. ಮಂಗಳೂರಿನ ಕಡೆಯವರು ಎಕರೆಗೆ 100ರಂತೆ ಸೆಂಟ್ಸ್ ಲೆಕ್ಕ ಹೇಳುತ್ತಾರೆ. ಕಾಸರಗೋಡಿನ ಕನ್ನಡಿಗರ ಭೂದಾಖಲೆಯಲ್ಲಿ ಅಕ್ಷರವೂ ಮಲಯಾಳ, ಅಳತೆಯೂ ಹೆಕ್ಟೇರು, ಆರ್. ಅಲ್ಲಿಯ ನಮ್ಮ ಅಣ್ಣತಮ್ಮಂದಿರಿಗೆ ಎರಡು ಸಲ ಕಣ್ಣು ಕಟ್ಟಿದಂತೆ!

ಈ ಎಲ್ಲ ಕನ್ನಡಿಗರಿಗೂ ಸಮನಾಗಿ ಗೊತ್ತಿರುವ ಒಂದು ಅಳತೆ ಉಂಟೇ? ಉಂಟು. ಮೊಳ.

ಕೂತು ಲೆಕ್ಕ ಹಾಕಿದೆ, ಬೆರಗಾದೆ

ಆ ಹಿರಿಯರು ಹೋದ ಮೇಲೆ ನಾನು ಪೆನ್ನು ಹಿಡಿದು ಕೂತೆ. ಓದಿದ್ದು ಪಿಯುಸಿ. ಗುಣಾಕಾರ ಭಾಗಾಕಾರ ಬರುತ್ತದೆ, ಇದಕ್ಕೆ ಅಷ್ಟು ಸಾಕು. ನೀವೂ ಜೊತೆಗೆ ಬನ್ನಿ.

24 ಅಂಗುಲಕ್ಕೆ ಒಂದು ಮೊಳ. 12 ಅಂಗುಲಕ್ಕೆ ಒಂದು ಗೇಣು. ಎರಡು ಗೇಣಿಗೆ ಒಂದು ಮೊಳ. ನಾಲ್ಕು ಮೊಳಕ್ಕೆ ಒಂದು ಮಾರು. ರೂಢಿಯಲ್ಲಿ ಮೊಳ ಎಂದರೆ ಒಂದೂವರೆ ಅಡಿ, ಮಾರು ಎಂದರೆ ಆರು ಅಡಿ.

ಗುಂಟೆ ಎಂದರೆ 33 ಅಡಿಗೆ 33 ಅಡಿ, 1,089 ಚದರಡಿ. ಇದನ್ನು ಒಂದೂವರೆಯಿಂದ ಭಾಗಿಸಿ. 22 ಮೊಳಕ್ಕೆ 22 ಮೊಳ! ಚೂರೂ ಉಳಿಯುವುದಿಲ್ಲ. ಮಾರಿನಲ್ಲಿ ಹೇಳಿದರೆ ಐದೂವರೆ ಮಾರಿಗೆ ಐದೂವರೆ ಮಾರು.

ಇನ್ನು ಆಣೆ. ಗುಂಟೆಯ ಹದಿನಾರನೆಯ ಒಂದು ಭಾಗ. ಅದರ ಒಂದೊಂದು ಬದಿ ಎಂಟೂಕಾಲು ಅಡಿ. ಎಂದರೆ ಐದೂವರೆ ಮೊಳಕ್ಕೆ ಐದೂವರೆ ಮೊಳ! ಗುಂಟೆ ಐದೂವರೆ ಮಾರು, ಆಣೆ ಐದೂವರೆ ಮೊಳ. ಇಷ್ಟು ಚಂದದ ಲೆಕ್ಕವನ್ನು ಯಾವ ಮೇಷ್ಟರೂ ನನಗೆ ಹೇಳಿಕೊಟ್ಟಿರಲಿಲ್ಲ. ಇದು ಯಾವ ಸರ್ವೆ ದೊರೆಯ ಕರುಣೆಯೂ ಅಲ್ಲ. ಮೊಳ ಒಂದೂವರೆ ಅಡಿ, ಮಾರು ನಾಲ್ಕು ಮೊಳ ಆದ್ದರಿಂದ ತಾನಾಗಿ ಕೂಡಿ ಬಂದದ್ದು.

ಎಕರೆ ಎಂದರೆ 40 ಗುಂಟೆ. 110 ಮಾರು ಉದ್ದ, 11 ಮಾರು ಅಗಲದ ಪಟ್ಟಿ. ಮೊದಲು ಕೇಳಿದೆನಲ್ಲ, 2 ಎಕರೆ 20 ಗುಂಟೆ? ಅದು 100 ಗುಂಟೆ. ಚಚ್ಚೌಕದ ಹೊಲವಾದರೆ ಒಂದೊಂದು ಬದಿ 220 ಮೊಳ, ಎಂದರೆ 55 ಮಾರು. ಈಗ ಬದುವಿನ ಮೇಲೆ ನಿಂತರೆ ನಿಮ್ಮ ಹೊಲ ಕಣ್ಣಿಗೆ ಕಂಡಿತೋ ಇಲ್ಲವೋ?

ಸೆಂಟ್ಸ್ ಎಂದು ಹೆದರಿಸುತ್ತಾರಾ? ಒಂದು ಸೆಂಟು 435.6 ಚದರಡಿ. ಅದರ ಬದಿ 14 ಮೊಳಕ್ಕೆ ಸುಮಾರು 2 ಅಂಗುಲ ಕಡಿಮೆ. ಎರಡೂವರೆ ಸೆಂಟಿಗೆ ಒಂದು ಗುಂಟೆ. ಆರ್ ಎನ್ನುತ್ತಾರಾ? 10 ಮೀಟರಿಗೆ 10 ಮೀಟರ್. ಅದರ ಬದಿ 22 ಮೊಳಕ್ಕೆ ಸುಮಾರು 3 ಅಂಗುಲ ಕಡಿಮೆ. ಗುಂಟೆಗೂ ಆರ್‌ಗೂ ಇರುವುದು ಈ ಮೂರು ಬೆರಳಿನ ವ್ಯತ್ಯಾಸ ಅಷ್ಟೇ. ಅಷ್ಟೇ ಎಂದು ಸುಮ್ಮನಾಗಬೇಡಿ! ಎರಡು ಎಕರೆಯನ್ನು, ಎಂದರೆ 80 ಗುಂಟೆಯನ್ನು, ಯಾರಾದರೂ "ಎರಡೂ ಒಂದೇ" ಎಂದು 80 ಆರ್ ಎಂದು ಬರೆದರೆ ನಿಮಗೆ 1,009 ಚದರಡಿ ಖೋತಾ. ಪೇಟೆಯ ಪಕ್ಕದಲ್ಲಿ ಅಷ್ಟು ಜಾಗದಲ್ಲಿ ಒಂದು ಸಂಸಾರ ಮನೆ ಕಟ್ಟಿಕೊಂಡು ಬಾಳುತ್ತದೆ.

ಅಂಗುಲಕ್ಕೆ ಮಾಡಿದ ಅನ್ಯಾಯ

ಈಗ ಕನ್ನಡಾಭಿಮಾನಿಗಳಾದ ನಮ್ಮ ಮೈಗೇ ಚುಚ್ಚುವ ಒಂದು ಮಾತು. ಇಂಚು ಎಂಬ ಇಂಗ್ಲಿಷ್ ಮಾತು ಬೇಡವೆಂದು ಅದರ ಜಾಗದಲ್ಲಿ ಅಂಗುಲ ಎಂದು ಬರೆಯುವ ಚಾಳಿ ನಮ್ಮಲ್ಲಿದೆ. ಪುಸ್ತಕದಲ್ಲಿದೆ, ಪತ್ರಿಕೆಯಲ್ಲಿದೆ, ನನ್ನ ಅಚ್ಚುಕೂಟದಲ್ಲೂ ಇತ್ತು. ಅಭಿಮಾನಕ್ಕೆ ಮಾಡಿದ್ದು, ಅನರ್ಥಕ್ಕೆ ಬಂತು.

24 ಅಂಗುಲಕ್ಕೆ ಒಂದು ಮೊಳವಾದರೆ, ಮೊಳ 18 ಇಂಚಾದರೆ, ನಮ್ಮ ಅಂಗುಲ ಮುಕ್ಕಾಲು ಇಂಚು. ಇಂಚನ್ನು ಅಂಗುಲ ಎಂದು ಕರೆದ ಕೂಡಲೇ ಏನಾಯಿತು ನೋಡಿ. ಹಳೆಯ ಕಾಗದದ ಮೊಳವನ್ನು ಯಾರೋ ಬುದ್ಧಿವಂತ "24 ಅಂಗುಲ, ಎಂದರೆ ಎರಡು ಅಡಿ" ಎಂದು ತಿರುಗಿಸುತ್ತಾನೆ. 30 ಮೊಳಕ್ಕೆ 20 ಮೊಳದ ಹಿತ್ತಲು ನಿಜವಾಗಿ 45 ಅಡಿಗೆ 30 ಅಡಿ, 1,350 ಚದರಡಿ. ಇವನ ಲೆಕ್ಕದಲ್ಲಿ 60 ಅಡಿಗೆ 40 ಅಡಿ, 2,400 ಚದರಡಿ! ಒಬ್ಬ ಮೊಳವನ್ನು ಅಡಿಯೆಂದು ಕುಗ್ಗಿಸುತ್ತಾನೆ, ಇನ್ನೊಬ್ಬ ಎರಡಡಿಯೆಂದು ಹಿಗ್ಗಿಸುತ್ತಾನೆ. ಇಬ್ಬರ ನಡುವೆ ಪಕ್ಕದ ಮನೆಯವನ ತಲೆ ಒಡೆಯುತ್ತದೆ.

ಆದ್ದರಿಂದ ಕನ್ನಡದ ಪರವಾಗಿಯೇ ಹೇಳುತ್ತೇನೆ: ಇಂಚನ್ನು ಇಂಚು ಎಂದೇ ಬರೆಯಿರಿ. ಅಂಗುಲವನ್ನು ಅಂಗುಲಕ್ಕೆ ಬಿಟ್ಟುಕೊಡಿ. ಪರಕೀಯ ಮಾತೊಂದನ್ನು ಹೊರಗಟ್ಟುವ ಉತ್ಸಾಹದಲ್ಲಿ ನಮ್ಮದೇ ಮಾತಿನ ಪ್ರಾಣ ತೆಗೆಯುವುದು ಅಭಿಮಾನವಲ್ಲ, ನಿರಭಿಮಾನ.

ಕಲ್ಲಿನ ಮೇಲೆ ಬರೆದವರು ದಡ್ಡರೇ?

ನಮ್ಮ ಹಳೇಬೀಡಿಗೆ ಬಂದವರೆಲ್ಲ ಹೊಯ್ಸಳೇಶ್ವರನ ಗುಡಿಯ ಆನೆಸಾಲು, ಕುದುರೆಸಾಲು ನೋಡಿ ಫೋಟೋ ಹಿಡಿದು ಹೋಗುತ್ತಾರೆ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಬಸ್ಸುಗಳು ಇನ್ನೂ ಹೆಚ್ಚಿವೆ. ಬರಲಿ. ಆದರೆ ಆ ಗುಡಿಗಳನ್ನು ಕಟ್ಟಿದ್ದು ಯಾವ ಅಳತೆಯಲ್ಲಿ? ಬೇಲೂರಿನಲ್ಲಿ ಹೆಸರು ಕೆತ್ತಿಕೊಂಡಿರುವ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರ ಕಸುಬಿನ ಶಾಸ್ತ್ರದಲ್ಲಿ ಅಳತೆಯ ಮೂಲವೇ ಮೈ. ಮುಖದ ಉದ್ದ ಒಂದು ತಾಳ, ತಾಳಕ್ಕೆ 12 ಅಂಗುಲ. ಇಷ್ಟು ತಾಳದ ವಿಗ್ರಹಕ್ಕೆ ಇಷ್ಟು ಎತ್ತರ ಎಂದು ನಿಶ್ಚಯ. ಮೈಯ ಅಳತೆ ಒರಟು, ಅಂದಾಜಿನದು ಎನ್ನುವವರು ಶಿಲಾಬಾಲಿಕೆಯರ ಮುಂದೆ ನಿಂತು ಆ ಮಾತು ಹೇಳಲಿ!

ಜಮೀನಿನ ಲೆಕ್ಕವೂ ಹಾಗೆಯೇ. ಬಿ.ಎಲ್. ರೈಸ್ ಸಾಹೇಬರು 1902ರಲ್ಲಿ ಅಚ್ಚು ಹಾಕಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟವನ್ನು ತಿರುವಿ ನೋಡಿದರೆ ದಾನಕೊಟ್ಟ ಭೂಮಿಯ ವಿವರ ಹೇಗಿರುತ್ತದೆ? ಮೂಡಲಿಗೆ ಯಾವ ಕಲ್ಲು, ತೆಂಕಲಿಗೆ ಯಾವ ಮರ, ಪಡುವಲಿಗೆ ಯಾವ ಕೆರೆ, ಬಡಗಲಿಗೆ ಯಾವ ಹಳ್ಳ ಎಂದು ಊರಿನವರ ಮಾತಿನಲ್ಲೇ ಎಲ್ಲೆ. ಗದ್ದೆಯಾದರೆ ಸಲಗೆ, ಕೊಳಗ, ಖಂಡುಗ ಎಂದು ಬಿತ್ತನೆಯ ಲೆಕ್ಕ. ಕನ್ನಡನಾಡಿನ ಶಾಸನಗಳಲ್ಲಿ ಬರುವ ಮತ್ತರು, ಕಂಬಗಳನ್ನು ಅಳೆಯುತ್ತಿದ್ದುದು ಗಳೆಯಿಂದ, ಎಂದರೆ ಅಳತೆಯ ಕೋಲಿನಿಂದ. ಸೀಮೆ ಸೀಮೆಗೆ ಗಳೆ ಬೇರೆ. ಅದಕ್ಕೇ ಯಾವ ಗಳೆ ಎಂದು ಹೆಸರಿಸುತ್ತಿದ್ದರು, ಎಷ್ಟು ಗೇಣಿನ ಗಳೆ ಎಂದೂ ಹೇಳುತ್ತಿದ್ದರು. ಇದನ್ನು ಎಲ್ಲಿ ಇಟ್ಟರು? ಬೀರುವಿನಲ್ಲಿ ಬೀಗ ಹಾಕಿ ಇಟ್ಟರೇ? ಗುಡಿಯ ಮುಂದೆ ಕಲ್ಲಿನ ಮೇಲೆ, ಬಂದವರೆಲ್ಲ ಕಾಣುವಂತೆ ನಿಲ್ಲಿಸಿದರು. ಎಂಟುನೂರು ವರ್ಷದ ಹಿಂದೆ ಇದ್ದ ನಾಚಿಕೆ ನಮ್ಮ ಇಂದಿನ ಕಚೇರಿಗಳಿಗೆ ಇದೆಯೇ?

ಒಂದು ಎಚ್ಚರದ ಮಾತನ್ನೂ ಸೇರಿಸಬೇಕು. ಖಂಡುಗ, ಕೊಳಗ ಮೈಯ ಅಳತೆಯಲ್ಲ, ಬೀಜದ ಅಳತೆ. 20 ಕೊಳಗಕ್ಕೆ ಒಂದು ಖಂಡುಗ ಎಂಬುದು ಸರಿ. ಆದರೆ ಒಂದು ಖಂಡುಗ ಬೀಜ ಹಿಡಿಯುವ ನೆಲ ಗದ್ದೆಗೆ ಒಂದು, ಹೊಲಕ್ಕೆ ಒಂದು, ಊರಿಂದ ಊರಿಗೆ ಇನ್ನೊಂದು. "ಖಂಡುಗ ಅಂದ್ರೆ ಇಷ್ಟೇ ಎಕರೆ" ಎಂದು ಎಲ್ಲ ಊರಿಗೂ ಒಂದೇ ಬೆಲ್ಲದಚ್ಚು ಹೊಡೆಯುವವರನ್ನು ನಂಬಬೇಡಿ. ನಿಮ್ಮ ಊರಿನ ಹಳೆಯ ಕಾಗದ, ಹಳೆಯ ಬದು, ಹಳೆಯ ಕಂದಾಯ ಮೂರನ್ನೂ ಎದುರಿಗಿಟ್ಟುಕೊಂಡು ನೋಡಬೇಕು. ಮೊಳ, ಮಾರು, ಗೇಣಿಗೆ ಈ ತಾಪತ್ರಯ ಇಲ್ಲ.

ಮುಂದೆ ಬಂತು ಇಂಗ್ಲಿಷರ ಸರಪಳಿ. ಮೈಸೂರು ಸೀಮೆ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದಾಗ 1863ರಿಂದ ಮುಂಬಯಿ ಪದ್ಧತಿಯಲ್ಲಿ ಸರ್ವೆ ಶುರುವಾಯಿತು. ಇಂಗ್ಲೆಂಡಿನಲ್ಲಿ ಗುಂಟರ್ ಎಂಬ ಪಂಡಿತ 1620ರಲ್ಲಿ ಮಾಡಿದ ಸರಪಳಿ 66 ಅಡಿ, 100 ಕೊಂಡಿ. ನಮ್ಮಲ್ಲಿ ಬಳಕೆಗೆ ಬಂದದ್ದು ಅದರ ಅರ್ಧ, 33 ಅಡಿ, 16 ಆಣೆ. ಸರಪಳಿಯ ಒಂದು ಆಣೆ ಉದ್ದ ಎಂದರೆ ಎಷ್ಟು ಗೊತ್ತೇ? ಸರಿಯಾಗಿ ಎರಡು ಮುಕ್ಕಾಲು ಗೇಣು. ಸರಪಳಿ ಅವರದು, ಆದರೂ ಅದು ನಮ್ಮ ಗೇಣಿಗೆ ಬಗ್ಗುತ್ತದೆ. ಬಗ್ಗಿಸುವ ಮನಸ್ಸು ಮಾತ್ರ ಯಾರಿಗೂ ಬರಲಿಲ್ಲ. ಬ್ರಿಟಿಷರು ಹೋದರು, 1956ರಲ್ಲಿ ನಾಡು ಒಂದಾಯಿತು, 1973ರಲ್ಲಿ ಕರ್ನಾಟಕ ಎಂಬ ಹೆಸರು ಬಂತು. ಜಮೀನಿನ ಕಾಗದ ಮಾತ್ರ ಜಮೀನುಳ್ಳವನ ಕೈಗೆ ಎಟುಕಲೇ ಇಲ್ಲ.

"ಯಾರ ಮೊಳ?" ಎಂದು ಕೇಳುವವರಿಗೆ

ಈ ಮಾತು ಎತ್ತಿದ ಕೂಡಲೇ ತಿಳಿದವರು ನಗುತ್ತಾರೆ. "ಯಾರ ಮೊಳ ಸ್ವಾಮಿ? ಗಿಡ್ಡನ ಮೊಳವೋ, ಉದ್ದನವನ ಮೊಳವೋ? ಹೂವಿನವಳ ಮೊಳ ದಿನಾ ಸಂಜೆಗೆ ಕುಗ್ಗುತ್ತಲ್ಲ!"

ಕೇಳತಕ್ಕ ಪ್ರಶ್ನೆಯೇ. ಉತ್ತರ ನಮ್ಮ ಗಳೆಯಲ್ಲೇ ಇದೆ. ಗೇಣು ಯಾರದು ಎಂಬ ಜಗಳ ಬರಬಾರದೆಂದೇ ಗೇಣನ್ನು ಕೋಲಿನ ಮೇಲೆ ನಿಲ್ಲಿಸಿದರು. ನಾವೂ ನಿಲ್ಲಿಸೋಣ: ಒಂದು ಮೊಳ ಎಂದರೆ 18 ಇಂಚು, 45.72 ಸೆಂಟಿಮೀಟರ್. ಮುಗಿಯಿತು. ಅಡಿ ಎಂಬುದೂ ಒಂದು ಕಾಲಕ್ಕೆ ಯಾರದೋ ಪಾದವೇ ಅಲ್ಲವೇ? ಇಂಗ್ಲಿಷರ ಪಾದಕ್ಕೆ ಸಿಕ್ಕಿದ ಮರ್ಯಾದೆ ಕನ್ನಡಿಗನ ಕೈಗೆ ಯಾಕಿಲ್ಲ?

ಇನ್ನೊಬ್ಬರು ಹೇಳುತ್ತಾರೆ: "ಈಗ ಡ್ರೋನ್ ಬಂದಿದೆ, ಉಪಗ್ರಹ ನೋಡಿ ಸೆಂಟಿಮೀಟರ್ ತಪ್ಪದೆ ಅಳೆಯುವ ಯಂತ್ರ ಬಂದಿದೆ. ನೀನು ಮೊಳ ಹಿಡಿದುಕೊಂಡು ಎಲ್ಲಿದ್ದೀಯಪ್ಪಾ?" ಬಂದಿದೆ, ನೋಡಿದ್ದೇನೆ. 2020ರಲ್ಲಿ ಸ್ವಾಮಿತ್ವ ಎಂಬ ಯೋಜನೆ ಬಂದು ಊರೊಳಗಿನ ಮನೆ ಜಾಗಗಳನ್ನು ಡ್ರೋನ್ ಅಳೆಯುತ್ತಿದೆ. ಅಳೆಯಲಿ. ನಾನು ಯಂತ್ರದ ವೈರಿಯಲ್ಲ, ಯಂತ್ರದಿಂದಲೇ ಅನ್ನ ತಿನ್ನುವವನು. ಆದರೆ ಯಂತ್ರ ಎಷ್ಟು ನಿಖರ ಎಂಬುದಲ್ಲ ನನ್ನ ಪ್ರಶ್ನೆ. ಅದು ಹೇಳಿದ್ದು ಸರಿಯೋ ತಪ್ಪೋ ಎಂದು ಹೊಲದವನು ತಾನೇ ನೋಡಿಕೊಳ್ಳಬಹುದೋ ಇಲ್ಲವೋ ಎಂಬುದು ಪ್ರಶ್ನೆ. ಮೀಟರನ್ನು 1983ರಿಂದ ಬೆಳಕಿನ ವೇಗದ ಮೇಲೆ ನಿಶ್ಚಯಿಸಿದ್ದಾರೆ. ವಿಜ್ಞಾನಿಗಳಿಗೆ ಅದು ಸರಿ. ಬದುವಿನ ಮೇಲೆ ನಿಂತವನು ಬೆಳಕನ್ನು ಹಿಡಿದು ಅಳೆಯುತ್ತಾನೆಯೇ? ಯಂತ್ರ ಆಕಾಶದಲ್ಲಿ ತಪ್ಪುವುದಿಲ್ಲ ಎಂದೇ ಇಟ್ಟುಕೊಳ್ಳಿ. ಕಾಗದದ ಮೇಲೆ ಬರೆಯುವಾಗ ಮನುಷ್ಯ ತಪ್ಪುತ್ತಾನೆ. ತಪ್ಪಿದವನು ನಾನೇ ಇಲ್ಲಿ ಕೂತಿದ್ದೇನಲ್ಲ!

ಮೂರನೆಯವರು ಕಾನೂನು ತೆಗೆಯುತ್ತಾರೆ: 1956ರ ಕಾಯ್ದೆ, 2009ರ ಕಾಯ್ದೆ, ಮೆಟ್ರಿಕ್ ಬಿಟ್ಟು ಬೇರೆ ಅಳತೆ ಕೂಡದು. ಹಾಗಾದರೆ ನಿಮ್ಮದೇ ಪಹಣಿಯ ಎಕರೆ, ಗುಂಟೆ, ಆಣೆ ಯಾವ ಮೆಟ್ರಿಕ್? ಬೇಲಿಯೇ ಎದ್ದು ಹೊಲ ಮೇಯ್ದರೆ ದನಕ್ಕೆ ಬುದ್ಧಿ ಹೇಳುವವರು ಯಾರು? ಮೀಟರನ್ನು ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ. ಕಾನೂನಿನ ಅಳತೆ ಮೀಟರೇ ಇರಲಿ. ಅದರ ಪಕ್ಕದಲ್ಲಿ, ತಿಳಿವಳಿಕೆಗಾಗಿ, ಮೊಳ ಮಾರಿನ ಲೆಕ್ಕವೂ ಇರಲಿ ಎನ್ನುತ್ತೇನೆ. ಔಷಧಿ ಬರೆದ ಚೀಟಿಯ ಮೇಲೆ ಅಂಗಡಿಯವನು "ಬೆಳಿಗ್ಗೆ ಒಂದು, ರಾತ್ರಿ ಒಂದು" ಎಂದು ಕನ್ನಡದಲ್ಲಿ ಬರೆದುಕೊಟ್ಟರೆ ಡಾಕ್ಟರ ಮಾನ ಹೋಯಿತೇ?

ನಾವು ಕೇಳಬೇಕಾದದ್ದು

ಸರ್ಕಾರಕ್ಕೆ, ಕಂದಾಯ ಇಲಾಖೆಗೆ, ಭೂಮಾಪನ ಇಲಾಖೆಗೆ, ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೆ ನಮ್ಮ ಒತ್ತಾಯ ಇಷ್ಟು:

1. ರೈತನ ಕೈಗೆ ಕೊಡುವ ಪ್ರತಿಯೊಂದು ನಕ್ಷೆಯಲ್ಲಿ ಪ್ರತಿ ಬದಿಯ ಉದ್ದ ಮೀಟರಿನ ಜೊತೆಗೆ ಅಡಿಯಲ್ಲೂ ಮೊಳದಲ್ಲೂ ಇರಬೇಕು. ಲೆಕ್ಕ ಮಾಡುವುದು ಕಂಪ್ಯೂಟರ್, ಯಾರ ಬೆನ್ನೂ ಮುರಿಯುವುದಿಲ್ಲ.

2. ಮೊಳ ಎಂದರೆ 18 ಇಂಚು, ಅಂಗುಲ ಎಂದರೆ ಮುಕ್ಕಾಲು ಇಂಚು ಎಂದು ಸರ್ಕಾರವೇ ಬರೆದು ಪ್ರಕಟಿಸಬೇಕು. ಸರ್ಕಾರಿ ಕನ್ನಡದಲ್ಲಿ ಇಂಚಿಗೆ ಅಂಗುಲ ಎಂದು ಬರೆಯುವುದು ನಿಲ್ಲಬೇಕು.

3. ಪಹಣಿಯ ಬೆನ್ನಿನಲ್ಲಿ ಖರಾಬು, ಹಿಸ್ಸಾ, ಪೋಡಿ, ಆಕಾರಬಂದ್ ಎಂದರೇನು ಎಂದು ಊರಿನ ಕನ್ನಡದಲ್ಲಿ ಅಚ್ಚಾಗಬೇಕು.

4. ಮೊಳ, ಗೇಣು, ಮಾರು ಇರುವ ಹಳೆಯ ಪತ್ರವನ್ನು ಹೊಸದಾಗಿ ಬರೆಯುವಾಗ ಹಳೆಯ ಮಾತನ್ನು ಅಳಿಸಕೂಡದು. "ಆರು ಮೊಳ, ಎಂದರೆ 9 ಅಡಿ" ಎಂದು ಎರಡನ್ನೂ ಬರೆಯಬೇಕು.

5. ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಒಂದು ಗೇಣು, ಒಂದು ಮೊಳ, ಒಂದು ಮಾರನ್ನು ಬಣ್ಣದಲ್ಲಿ ಬರೆಸಬೇಕು. ಶಾಲೆಯ ಬಯಲಿನಲ್ಲಿ 22 ಮೊಳದ ಚೌಕ ಹಾಕಿ ನಾಲ್ಕು ಕಲ್ಲು ನೆಟ್ಟು "ಇದು ಒಂದು ಗುಂಟೆ" ಎಂದು ಮಕ್ಕಳಿಗೆ ತೋರಿಸಬೇಕು.

ಸರ್ಕಾರ ಮಾಡುವ ತನಕ ಕಾಯುತ್ತಾ ಕೂರಬೇಕಿಲ್ಲ. ಐದನೆಯದನ್ನು ನಮ್ಮ ಸಂಘಗಳೇ ನವೆಂಬರ್ 1ಕ್ಕೆ ಮಾಡಬಹುದು. ಆರ್ಕೆಸ್ಟ್ರಾಕ್ಕೆ ಸುರಿಯುವ ದುಡ್ಡಿನ ಒಂದು ಮೂಲೆ ಸಾಕು, ನಾಲ್ಕು ಕಲ್ಲು ಬರುತ್ತದೆ.

ನೀವು ಮಾಡಬೇಕಾದದ್ದು

ಇವತ್ತು ರಾತ್ರಿಯೇ ಟೇಪು ಹಿಡಿದು ನಿಮ್ಮ ಮೊಳ ಎಷ್ಟು ಇಂಚು ಎಂದು ನೋಡಿ, ಪಹಣಿ ಪ್ರತಿಯ ಹಿಂದೆ ಬರೆದಿಡಿ. ಹದಿನೆಂಟಕ್ಕೆ ಅರ್ಧ ಇಂಚು ಹೆಚ್ಚು ಕಡಿಮೆ ಇದ್ದರೆ ಅದೂ ತಿಳಿದಿರಲಿ. ಹಿಗ್ಗದ ಹಗ್ಗ ಒಂದನ್ನು ತನ್ನಿ. 33 ಅಡಿಗೆ, ಎಂದರೆ 22 ಮೊಳಕ್ಕೆ ಗುರುತು ಹಾಕಿ. ಎರಡು ಮುಕ್ಕಾಲು ಗೇಣಿಗೊಂದು ಬಣ್ಣದ ದಾರ ಕಟ್ಟಿ. ಹದಿನಾರು ಪಾಲು ಬಂದರೆ ನಿಮ್ಮ ಕೈಯಲ್ಲಿರುವುದು ಸರ್ವೆಯವರ ಸರಪಳಿಯ ತಮ್ಮ!

ಹೊಲದ ಉದ್ದ ಎಷ್ಟು ಮೊಳ, ಅಗಲ ಎಷ್ಟು ಮೊಳ ನೋಡಿ, ಗುಣಿಸಿ, 484ರಿಂದ ಭಾಗಿಸಿ. ಬಂದದ್ದು ಗುಂಟೆ. 100 ಮೊಳ ಉದ್ದ, 75 ಮೊಳ ಅಗಲದ ತುಂಡು ಎಂದರೆ 7,500. ಅದನ್ನು 484ರಿಂದ ಭಾಗಿಸಿದರೆ ಹದಿನೈದೂವರೆ, 15 ಗುಂಟೆ 8 ಆಣೆ. ಮೂಲೆ ಸೊಟ್ಟಗಿದ್ದರೆ ಹೊಲವನ್ನು ತ್ರಿಕೋನಗಳಾಗಿ ಒಡೆದು, ಒಂದೊಂದರ ಬುಡದ ಉದ್ದವನ್ನು ಎತ್ತರದಿಂದ ಗುಣಿಸಿ ಅರ್ಧ ಮಾಡಿ ಕೂಡಿ. ಏಳನೆಯ ಕ್ಲಾಸಿನ ಮಗು ಮಾಡುತ್ತದೆ, ಮಗುವಿನ ಕೈಯಲ್ಲೇ ಮಾಡಿಸಿ. ಈ ಲೆಕ್ಕ ಕೋರ್ಟಿನಲ್ಲಿ ನಿಲ್ಲುವುದಕ್ಕಲ್ಲ. ಸಹಿ ಹಾಕುವ ಮುಂಚೆ "ಸ್ವಲ್ಪ ತಡೀರಿ ಸ್ವಾಮಿ, ನನ್ನ ಲೆಕ್ಕಕ್ಕೆ ಬರ್ತಾ ಇಲ್ಲ" ಎಂದು ಹೇಳುವ ಧೈರ್ಯಕ್ಕೆ. ಆ ಒಂದು ಮಾತನ್ನು ಆ ಹಿರಿಯರು ಅವತ್ತು ಹೇಳಿದ್ದರೆ, ಅಥವಾ ನಾನು ಹೇಳಿದ್ದರೆ, ಇವತ್ತು ಎರಡು ಮನೆಯ ಜನ ಒಂದೇ ದಾರಿಯಲ್ಲಿ ಓಡಾಡುತ್ತಿದ್ದರು.

ನಮ್ಮ ಅಚ್ಚುಕೂಟದ ಬಾಗಿಲ ಚೌಕಟ್ಟಿನ ಮೇಲೆ ಈಗ ಒಂದು ಮೊಳದ ಗುರುತು ಹಾಕಿಸಿದ್ದೇನೆ. ಹಳೆಯ ಕಾಗದ ಹಿಡಿದು ಬಂದವರಿಗೆ ಮೊದಲು ಅದನ್ನು ತೋರಿಸಿ, ಆಮೇಲೆ ಟೈಪು ಮಾಡಲು ಕೂರುತ್ತೇವೆ. ಹುಡುಗನಿಗೂ ಹೇಳಿದ್ದೇನೆ, ಮೆಷಿನ್ ಓಡುತ್ತಿರುವಾಗ ನನ್ನನ್ನು ಏನೂ ಕೇಳಬೇಡ, ನಿಲ್ಲಿಸಿ ಕೇಳು ಎಂದು.

ಮಾತು ನಮ್ಮದಾದರೆ ಸಾಲದು, ಮಾತಿನೊಳಗಿನ ಅಳತೆಯೂ ನಮ್ಮದಾಗಬೇಕು. ನೆಲ, ಜಲ, ಭಾಷೆ ಎಂದು ಮೂರನ್ನೂ ಒಟ್ಟಿಗೆ ಕೂಗುತ್ತೇವಲ್ಲ, ಆ ನೆಲ ಎಷ್ಟು ಮೊಳ ಎಂದು ಮೊದಲು ತಿಳಿದುಕೊಳ್ಳೋಣ.

ಕೈ ಚಾಚಿ ಕನ್ನಡಿಗರೇ! ಬೇಡುವುದಕ್ಕಲ್ಲ, ಅಳೆಯುವುದಕ್ಕೆ.

ಸಿರಿಗನ್ನಡಂ ಗೆಲ್ಗೆ!